ನಲವತ್ತೊಂದನೆಯ ಪ್ರಶ್ನೆ

ಸಮೀಕ್ಷೆಗೆಂದು ಬರುವ ಅವರು ಹಾಸ್ಟೆಲ್ ಹುಡುಗಿಯರ ಬಾಯಲ್ಲಿ ‘ಪ್ರಶ್ನೆ ಅಕ್ಕ’. ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ ಯಾರನ್ನು ಹಿಡಿಯಬಹುದೆಂದು ತಿಳಿಯಲು ಹನ್ನೊಂದು ದೇಶಗಳಿಗೆ ಒಂದೇ ಅಳತೆಯಲ್ಲಿ ಹೊಲಿದ ನಲವತ್ತು ಪ್ರಶ್ನೆಗಳ ಕಟ್ಟು ಅವರ ಕಂಕುಳಲ್ಲಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. “ವಾರಕ್ಕೆ ಎಷ್ಟು ಸಲ ತೂಕ ನೋಡ್ಕೋತೀರಿ?” ಎಂದು ಓದಿ ತಾವೇ ಮೂಗು ಮುರಿಯುತ್ತಾರೆ. “ಇದನ್ನ ಬರೆದವರಿಗೆ ಚಿಕ್ಕಮ್ಮಂದಿರಿಲ್ಲ ಅಂತ ಕಾಣುತ್ತೆ. ನಮ್ಮವರು ಬಾಗಿಲಲ್ಲೇ ನಿಂತು ಕಣ್ಣಲ್ಲಿ ತೂಗಿಬಿಡ್ತಾರೆ.” ಹುಡುಗಿಯರು ನಕ್ಕು ಹಗುರಾದ ಮೇಲೆ ಹಾಳೆ ಮಗುಚಿಟ್ಟು, ಅಚ್ಚಿನಲ್ಲಿಲ್ಲದ ನಲವತ್ತೊಂದನೆಯದನ್ನು ಕೇಳುತ್ತಾರೆ: “ಮನೇಲಿ ನಿನ್ನನ್ನ ಏನಂತ ಕರೀತಾರೆ?” ಮೇಲಧಿಕಾರಿ ಮೂರು ಸಲ ಬೇಡವೆಂದರೂ ಅವರು ಜಗ್ಗಿಲ್ಲ. ಡ್ರಮ್ಮು, ಮೂಟೆ, ಆನೆಮರಿ ಎಂದು ಹೇಳುತ್ತಾ ಹೇಳುತ್ತಾ ಯಾರ ನಗು ನಿಲ್ಲುತ್ತದೋ ಅವಳ ಹಾಳೆ ಡಾಕ್ಟರ ಮೇಜಿನ ಮೇಲೆ ಎಲ್ಲಕ್ಕಿಂತ ಮೇಲಿರುತ್ತದೆ. ಈವರೆಗೆ ಆ ಲೆಕ್ಕ ತಪ್ಪಿಲ್ಲ. ಒಮ್ಮೆ ಹುಡುಗಿಯೊಬ್ಬಳು, “ನಿಮ್ಮನ್ನ ಏನಂತ ಕರೀತಿದ್ರು ಅಕ್ಕಾ?” ಎಂದಳು. ಅವರು ಪೆನ್ಸಿಲ್ ಚೂಪು ಮಾಡುವುದನ್ನು ನಿಲ್ಲಿಸಲಿಲ್ಲ. “ನನಗೇನೂ ಇರ್ಲಿಲ್ಲ. ನನ್ನ ತಂಗಿಗಿತ್ತು, ಆನೆಮರಿ ಅಂತ. ಆಸ್ಪತ್ರೆ ಮಂಚದಲ್ಲಿ ಕಡ್ಡಿ ಹಾಗೆ ಮಲಗಿದ್ದಾಗ್ಲೂ ಅವಳು ಅದನ್ನೇ ನಂಬಿದ್ಲು. ಆ ಹೆಸರಿಟ್ಟವಳು ನಾನು.”