ದಾಖಲೆ ಕೋಣೆಯ ಗುಮಾಸ್ತರು
ದಾಖಲೆ ಕೋಣೆಯ ಗುಮಾಸ್ತರನ್ನು 'ಊಟ ಆಯ್ತಾ?' ಎಂದು ಕೇಳಿದರೂ ಸಾಕು, ಕನ್ನಡಕದ ಮೇಲಿಂದ ಒಮ್ಮೆ ನೋಡಿ, 'ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?' ಎನ್ನುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಯಂತ್ರಕ್ಕೆ ಅಡ್ಡ ನಿಂತು, ಮಸಿ ಹತ್ತಿ ಕೆಟ್ಟ ಪ್ರತಿಯನ್ನೂ ಕೇಳಿ ಪಡೆದು, ನಾಲ್ಕು ಚೂರು ಮಾಡಿ ಎರಡನ್ನು ಈ ಜೇಬಿಗೆ, ಎರಡನ್ನು ಆ ಜೇಬಿಗೆ ಇಳಿಸುತ್ತಾರೆ. ಫೋನ್ ಬಂದರೆ ಗೋಡೆಗೆ ಮುಖ ಮಾಡಿ 'ಹೂಂ', 'ಊಹೂಂ' ಎರಡರಲ್ಲೇ ಮುಗಿಸುತ್ತಾರೆ. ಹಲ್ಲು ಕೀಳಿಸಲು ಹೋಗುವಾಗಲೂ ಹೆಂಡತಿಗೆ ಹೇಳುವುದು 'ಇಲ್ಲೇ ಹೋಗಿ ಬರ್ತೀನಿ' ಎಂದಷ್ಟೇ. ಆಕೆ ಪಕ್ಕದ ಮನೆಯವರೊಡನೆ ನಕ್ಕರೆ, ಏನು ಬಾಯಿ ಬಿಟ್ಟಳೋ ಎಂದು ಇವರ ಕಿವಿ ನೆಟ್ಟಗಾಗುತ್ತದೆ. ಇಂಥವರಿಗೆ ಮೊನ್ನೆ ಔಷಧಿ ಅಂಗಡಿಯವನು, 'ಅಮ್ಮಾವ್ರ ಹೃದಯದ ಮಾತ್ರೆ ಬಂದಿದೆ ಸಾರ್, ಈ ತಿಂಗಳದ್ದು' ಎಂದ. ಎಷ್ಟು ತಿಂಗಳಿಂದ ಎಂದು ಕೇಳಿದರೆ ತಮಗೆ ಗೊತ್ತಿಲ್ಲದ್ದು ಬಯಲಾದೀತೆಂದು, 'ಹೂಂ' ಎಂದಷ್ಟೇ ಹೇಳಿ ಹೊರಟರು. ಮನೆಗೆ ಬಂದು ಹೆಂಡತಿಗೆ, 'ನಂಗ್ಯಾಕೆ ಹೇಳ್ಲಿಲ್ಲ?' ಎಂದರು. 'ಈ ಮನೇಲಿ ಹೇಳ್ಕೊಳ್ಳೋ ಅಭ್ಯಾಸ ಎಲ್ಲಿದೆ?' ಎಂದು ಆಕೆ ಸೊಪ್ಪು ಬಿಡಿಸುತ್ತಲೇ ಅಂದಳು. ಗುಮಾಸ್ತರು ಹೋಗಿ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಆಕೆಯ ಪಕ್ಕ ಕೂತು ದನಿ ತಗ್ಗಿಸಿ, 'ನಂಗೂ ಒಂದು ವರ್ಷದಿಂದ ಬಿ.ಪಿ. ಇದೆ ಕಣೇ' ಎಂದರು.