ಬೀಳುವುದನ್ನು ಕಲಿಸಿದ ಕಂಬ

ಒರೆಸ್ಟ್ ಬಾಬ್ಯುಕ್ ಹನ್ನೊಂದು ವರ್ಷ ಐಸ್ ಹಾಕಿ ಆಡಿದ. ಹೊಡೆದ ಗೋಲುಗಳು ಕಡಿಮೆ, ಮುರಿದ ಮೂಗುಗಳು ಹೆಚ್ಚು. ಅವನನ್ನು ಇಟ್ಟುಕೊಂಡದ್ದೇ ಅದಕ್ಕೆ. ನಮ್ಮ ಗಣಿಯೂರಿನ ತಂಡದ ಒಳ್ಳೆಯ ಆಟಗಾರನನ್ನು ಯಾರಾದರೂ ಬೇಕೆಂದೇ ಗುದ್ದಿದರೆ ಕೋಚ್ ಒರೆಸ್ಟ್‌ನ ಹೆಗಲು ತಟ್ಟುತ್ತಿದ್ದರು. ಅವನು ಐಸ್‌ಗೆ ಇಳಿದು, ಗ್ಲೌಸ್ ಬಿಸಾಕಿ, ಎಡಗೈಯಲ್ಲಿ ಆ ಮನುಷ್ಯನ ಅಂಗಿ ಹಿಡಿದು ಬಲಗೈಯಲ್ಲಿ ಮುಖ ಜಜ್ಜುತ್ತಿದ್ದ. ಈ ಹೊಡೆದಾಟಕ್ಕೂ ಒಂದು ಕಟ್ಟಳೆಯಿದೆ: ಇಬ್ಬರಲ್ಲಿ ಒಬ್ಬ ಕೆಳಗೆ ಬಿದ್ದನೆಂದರೆ ಮುಗಿಯಿತು, ಬಿದ್ದವನನ್ನು ಹೊಡೆಯುವಂತಿಲ್ಲ. ಒರೆಸ್ಟ್ ಎಂದೂ ತಾನಾಗಿ ಬೀಳಲಿಲ್ಲ. ಜನ ಅವನನ್ನು ‘ಕಂಬ’ ಎಂದೇ ಕರೆಯುತ್ತಿದ್ದರು.

ಅದೇ ತಂಡಕ್ಕೆ ಕೋಚ್ ಆಗುವ ಹೊತ್ತಿಗೆ ಅವನ ಎಡಗಿವಿ ಸತ್ತಿತ್ತು. ಬಲಗೈ ಬೆರಳುಗಳಿಗೆ ಅಂಗಿಯ ಗುಂಡಿ ಸಿಗುತ್ತಿರಲಿಲ್ಲ, ಹೆಂಡತಿ ಒಕ್ಸಾನಾ ಹಾಕಿಕೊಡುತ್ತಿದ್ದಳು. ಒಮ್ಮೆ ಚರ್ಚಿನಲ್ಲಿ ಊಟ ಮುಗಿಸಿ ಹೊರಟವನು ತಾನು ಹುಟ್ಟಿ ಬೆಳೆದ ಬೀದಿಯಲ್ಲೇ ಕಾರು ನಿಲ್ಲಿಸಿ, ಮನೆ ಯಾವುದೆಂದು ತಿಳಿಯದೆ ಕೂತಿದ್ದ.

ಈಗ ತಂಡದಲ್ಲಿ ಅವನ ಹಳೆಯ ಕೆಲಸ ಮಾಡುತ್ತಿದ್ದವನು ರೇಮಿ ಥಿಬೋ. ಹಿಂದಿನ ಚಳಿಗಾಲದಲ್ಲಿ ರೇಮಿ ಎರಡು ಸಲ ಪ್ರಜ್ಞೆ ತಪ್ಪಿದ್ದ. ಮತ್ತೊಮ್ಮೆ ಹಾಗಾದರೆ ಏಳದೇ ಹೋಗಬಹುದು ಎಂದಿದ್ದರು ಡಾಕ್ಟರು.

"ಇನ್ನು ನಿನ್ನ ಹೆಗಲು ತಟ್ಟಲ್ಲ" ಎಂದ ಒರೆಸ್ಟ್.

"ಅಂದ್ರೆ ಟೀಮಿಂದ ತೆಗೀತೀರ. ನಾನು ಸ್ಕೇಟ್ ಮಾಡೋದು ನೋಡಿದೀರಲ್ಲ ಕೋಚ್. ನಮ್ಮಜ್ಜಿ ನನಗಿಂತ ಜೋರು."

"ನಿಮ್ಮಜ್ಜಿ ಶನಿವಾರದ ಆಟಕ್ಕೆ ಬಿಡುವಾಗಿದ್ದಾರಾ?"

ರೇಮಿ ನಕ್ಕ, ಆದರೆ ಒಪ್ಪಲಿಲ್ಲ. "ನಮ್ಮವರಿಗೆ ಯಾರಾದ್ರೂ ಹೊಡೆದ್ರೆ ನಾನು ಇಳಿಯೋನೇ. ನೀವು ತಟ್ಟಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

"ಹಾಗಾದ್ರೆ ಬೀಳೋದು ಕಲಿ."

ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಒರೆಸ್ಟ್ ಅವನ ಅಂಗಿ ಹಿಡಿದು ನಿಲ್ಲುತ್ತಿದ್ದ. "ಕಣ್ಣು ಮಂಜಾಯ್ತೋ, ಗದ್ದ ಎದೆಗೆ ಒತ್ತು. ಅವನ ಅಂಗಿ ಬಿಡಬೇಡ. ಮಂಡಿ ಮಡಚಿ ಅವನನ್ನೂ ಎಳ್ಕೊಂಡು ಪಕ್ಕಕ್ಕೆ ಬೀಳು. ತಲೆ ಐಸ್‌ಗೆ ತಾಗಬಾರದು."

"ಕಂಬ ಬೀಳೋದು ಹೇಳ್ಕೊಡ್ತಿದೆ ಅಂದ್ರೆ ಯಾರೂ ನಂಬಲ್ಲ."

"ಕಂಬಕ್ಕೆ ಯಾರೂ ಹೇಳ್ಕೊಡಲಿಲ್ಲ ಕಣೋ. ಏಳು, ಇನ್ನೊಂದ್ಸಲ."

ಶನಿವಾರದ ಆಟದಲ್ಲಿ ಎದುರು ತಂಡದ ಸ್ಟ್ರೂಡ್ ನಮ್ಮ ಗೋಲ್‌ಕೀಪರ್‌ನ ತಲೆಯನ್ನು ಗೋಲಿನ ಕಂಬಕ್ಕೆ ಅಪ್ಪಳಿಸಿದ. ಯಾರೂ ತಟ್ಟದೆಯೇ ರೇಮಿ ಇಳಿದ. ಇಬ್ಬರೂ ಗ್ಲೌಸ್, ಹೆಲ್ಮೆಟ್ ಎಸೆದರು. ಮೊದಲ ಏಟಿಗೆ ರೇಮಿಯ ಹುಬ್ಬು ಸೀಳಿತು. ರೇಮಿ ತಿರುಗಿ ಕೊಟ್ಟದ್ದಕ್ಕೆ ಸ್ಟ್ರೂಡ್‌ನ ಹಲ್ಲೊಂದು ರಕ್ತದೊಡನೆ ಐಸ್ ಮೇಲೆ ಜಾರಿತು. ಮುಂದಿನ ಏಟು ಬಿದ್ದದ್ದು ರೇಮಿಯ ಕಪಾಲಕ್ಕೆ. ಅವನ ಕಾಲು ಕುಸಿಯಿತು, ಮತ್ತೆ ನೆಟ್ಟಗಾಯಿತು. ಜನ ಅಂಗಳದ ಸುತ್ತಲಿನ ಗಾಜಿನ ಗೋಡೆ ಬಡಿಯುತ್ತ "ಬೀಳಬೇಡ, ನಿಲ್ಲು" ಎಂದು ಕೂಗುತ್ತಿದ್ದರು. ಅವರಲ್ಲಿ ಅರ್ಧ ಜನ ಹಿಂದೆ ಒರೆಸ್ಟ್‌ಗೂ ಹಾಗೇ ಕೂಗಿದವರು.

ಒರೆಸ್ಟ್ ಬೆಂಚು ಹತ್ತಿ ಗಂಟಲು ಹರಿಯುವಂತೆ ಕಿರುಚಿದ: "ಬೀಳೋ ರೇಮಿ, ಬೀಳು!"

ಸ್ಟ್ರೂಡ್‌ನ ಮುಷ್ಟಿ ಮತ್ತೆ ಮೇಲೆದ್ದಿತು. ರೇಮಿ ಗದ್ದ ಒಳಕ್ಕೆ ಎಳೆದುಕೊಂಡು, ಮಂಡಿ ಮಡಚಿ, ಸ್ಟ್ರೂಡ್‌ನನ್ನೂ ಎಳೆದುಕೊಂಡೇ ಪಕ್ಕಕ್ಕೆ ಬಿದ್ದ. ಆ ಗುದ್ದು ಗಾಳಿಯಲ್ಲೇ ಹೋಯಿತು. ರೆಫರಿಗಳು ಬಂದು ಬಿಡಿಸಿದರು.

"ಕಂಬಳಿ ಹೊದಿಸ್ಲಾ ಮಗಾ?" ಎಂದು ಸ್ಟ್ರೂಡ್ ರಕ್ತ ಉಗಿದ. ನಮ್ಮೂರ ಜನರೇ ರೇಮಿಯ ಮೇಲೆ ಬಿಯರ್ ಲೋಟಗಳನ್ನು ಎಸೆದರು.

ಒಳಗೆ ತಂಡದ ಕೋಣೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ರೇಮಿ ತಲೆ ಎತ್ತಲಿಲ್ಲ. "ಊರೆಲ್ಲ ನಗ್ತಿದೆ ಕೋಚ್."

ಒರೆಸ್ಟ್ ಬಲಗಿವಿಯನ್ನು ಅವನತ್ತ ತಿರುಗಿಸಿದ. "ಏನಂದೆ?"

"ನಗ್ತಿದಾರೆ ಅಂದೆ."

"ಎರಡೂ ಕಿವೀಲಿ ಕೇಳಿಸ್ತಿದೆಯಾ?"

ರೇಮಿ ಸ್ವಲ್ಪ ಹೊತ್ತು ಆಲಿಸಿದ. "ಹೂಂ."

ಒರೆಸ್ಟ್ ನೆಲದ ಮೇಲೆ ಕುಳಿತು ಅವನ ಸ್ಕೇಟಿನ ದಾರ ಬಿಚ್ಚಲು ನೋಡಿದ. ಬೆರಳುಗಳು ಗಂಟಿನ ಮೇಲೆ ಸುಮ್ಮನೆ ತಡಕಾಡಿದವು.

"ಬಿಡಿ ಕೋಚ್" ಎಂದ ರೇಮಿ. ಬಗ್ಗಿ, ಊದಿದ ಕೈಯಲ್ಲೇ ಎರಡೂ ಗಂಟು ಬಿಚ್ಚಿದ. ಒರೆಸ್ಟ್ ರೇಮಿಯ ಆ ಬೆರಳುಗಳನ್ನೇ ನೋಡುತ್ತ ಕೂತಿದ್ದ.