ಅವ್ವನ ಬಾತುಕೋಳಿಯ ಅಂಗಾಲು

ಅವ್ವ ತೀರಿಕೊಂಡ ಹದಿನೈದು ದಿನಕ್ಕೆ, ಅವಳು ಸಾಕಿದ್ದ ಎರಡು ಬಾತುಕೋಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ತವರೂರು ನೇಸರಿಯಲ್ಲಿ ಎಸ್.ಟಿ. ಬಸ್ಸು ಹತ್ತಿದೆ. ಅತ್ತಿಗೆಗೆ ಅವುಗಳ ಗದ್ದಲ ಬೇಡವಾಗಿತ್ತು. ಬೇಕು ಅನ್ನಲೂ ಬೇಡ ಅನ್ನಲೂ ನನಗೆ ಮನಸ್ಸಿರಲಿಲ್ಲ. ಬುಟ್ಟಿ ಕೈಗೆ ಕೊಟ್ಟರು, ಹಿಡಿದುಕೊಂಡು ಬಂದೆ.

ಇಚಲಕರಂಜಿಯಲ್ಲಿ ನಮ್ಮದು ಮಗ್ಗದ ಶೆಡ್ಡುಗಳ ನಡುವಿನ ಮನೆ. ಹಿತ್ತಲೆಲ್ಲ ಕಾಂಕ್ರೀಟು. ಮಾತನಾಡಿಸಲು ಬಂದ ಹೆಂಗಸರು ಅಳುತ್ತಿದ್ದರು, ನಾನು ಚಹಾದ ಕಪ್ಪು ತೊಳೆಯುತ್ತಿದ್ದೆ.

ಒಂದು ಬೆಳಿಗ್ಗೆ ಹೆಣ್ಣು ಬಾತುಕೋಳಿ ಬಲಗಾಲನ್ನು ಎತ್ತೆತ್ತಿ ಇಡುತ್ತಿತ್ತು. ಎರಡು ದಿನ ನೋಡಿಯೂ ನೋಡದಂತಿದ್ದೆ. ಮೂರನೆಯ ದಿನ ಯಜಮಾನರೇ ಅದನ್ನು ಬುಟ್ಟಿಗೆ ಹಾಕಿ, ನನ್ನನ್ನೂ ಬೈಕಿಗೆ ಹತ್ತಿಸಿಕೊಂಡು ದನದ ದವಾಖಾನೆಗೆ ಕರೆದೊಯ್ದರು.

ಡಾಕ್ಟರು ಅಂಗಾಲು ತಿರುವಿ ತೋರಿಸಿದರು. ಕೆಂಪಗೆ ಉಬ್ಬಿತ್ತು. ನಡುವೆ ಎಳ್ಳಿನಷ್ಟು ಕಪ್ಪು ಚುಕ್ಕೆ.

"ಎಲ್ಲಿ ಬಿಡ್ತೀರಿ ಇದನ್ನ?"

"ಕಾಂಕ್ರೀಟಿನ ಮ್ಯಾಲ್ರಿ," ಅಂದೆ.

"ಅದಕ್ಕ ಆಗೇತಿ. ಗಟ್ಟಿ ನೆಲಕ್ಕ ತಿಕ್ಕಿ ತಿಕ್ಕಿ ಒಳಗ ನಂಜಾಗೇತಿ. ಇನ್ನಾ ಶುರುವಾತ ಐತ್ರಿ, ಕೊಯ್ಯೂದು ಬ್ಯಾಡ. ನೀವೂ ಆ ಚುಕ್ಕಿ ಕೀಳಾಕ ಹೋಗಬ್ಯಾಡ್ರಿ. ದಿನಾ ಎರಡ ಸಲ ಉಗುರುಬೆಚ್ಚಗಿನ ಉಪ್ಪುನೀರಾಗ ಕಾಲ ಇಡಸ್ರಿ, ಒರಸ್ರಿ, ಈ ಔಷಧ ಹಚ್ಚಿ ಪಟ್ಟಿ ಕಟ್ರಿ. ಬಾವು ಹೆಚ್ಚಾದ್ರ ಲಗೂನ ಬರ್ರಿ."

ಹೇಳಿದಷ್ಟು ಮಾಡಿದೆ. ಹಿತ್ತಲಿಗೆ ಗೋಣಿತಟ್ಟು ಹಾಕಿ, ಮೇಲೆ ಒಣಹುಲ್ಲು ಹಾಸಿದೆವು. ಬೋಗುಣಿಯ ಮುಂದೆ ಅದನ್ನು ಅವುಚಿ ಹಿಡಿದು ಕೂತಿರುತ್ತಿದ್ದೆ. ಮೊದಮೊದಲು ರೆಕ್ಕೆ ಬಡಿದು ನನ್ನ ಸೀರೆಯನ್ನೆಲ್ಲ ತೋಯಿಸುತ್ತಿತ್ತು. ಪಟ್ಟಿ ಬಿಚ್ಚಿಕೊಂಡರೆ ಮತ್ತೆ ಕಟ್ಟುತ್ತಿದ್ದೆ. ಮರುಕವಾಗಲಿ ಸಿಟ್ಟಾಗಲಿ ಬರುತ್ತಿರಲಿಲ್ಲ. ಕೈಗೆ ಆ ಅಂಗಾಲಿನ ಬಿಸಿ ಮಾತ್ರ ತಿಳಿಯುತ್ತಿತ್ತು. ಅವ್ವನ ಕೊನೆಯ ಜ್ವರದಲ್ಲಿ ಅವಳ ಪಾದ ಹಿಡಿದು ಕೂತವಳು ಅತ್ತಿಗೆ. ನಾನು ಊರು ಮುಟ್ಟುವಷ್ಟರಲ್ಲಿ ಅವು ತಣ್ಣಗಾಗಿದ್ದವು. ಅದನ್ನು ನೆನೆದರೂ ಕಣ್ಣು ಒಣಗಿಯೇ ಇರುತ್ತಿತ್ತು.

ಹನ್ನೆರಡನೆಯ ದಿನವೋ ಏನೋ, ಅಂಗಾಲು ಬಿಸಿಯಿರಲಿಲ್ಲ. ಉಬ್ಬು ಇಳಿದಿತ್ತು. ಚುಕ್ಕೆ ತಾನಾಗಿಯೇ ಉದುರಿ ಎಳೆ ಚರ್ಮ ಕಾಣುತ್ತಿತ್ತು. ಪಾಳಿ ಮುಗಿಸಿ ಬಂದ ಯಜಮಾನರು ಹಿತ್ತಲ ಬಾಗಿಲಲ್ಲೇ ನಿಂತರು.

"ಅರೆ, ಎರಡೂ ಕಾಲ ಊರಿ ನಡ್ಯಾಕತ್ತೈತಲ್ಲ!"

"ಹೌದ್ರಿ."

"ನಿನಗ ಖುಷಿ ಆಗ್ಲಿಲ್ಲೇನು?"

"ಗೊತ್ತಾಗವಲ್ದ್ರಿ."

ಅವರು ಕೈಕಾಲು ತೊಳೆದು ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಇನ್ನೊಂದು ಬಾತುಕೋಳಿಯ ಅಂಗಾಲನ್ನು ಇಷ್ಟು ದಿನ ನಾನು ತಿರುವಿಯೇ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಎದ್ದು ಹೋಗಿ ಅದನ್ನು ಹಿಡಿದೆ.